ಗೂಟದ ಮೇಸ್ತ್ರಿ

ಮರ ಕಡಿಯುವ ಮೇಸ್ತ್ರಿಗೆ ಜನ ಇಟ್ಟ ಹೆಸರು ಗೂಟದ ಮೇಸ್ತ್ರಿ. ಕೊಡಲಿ ಎತ್ತುವ ಮೊದಲೇ ಮರ ಬೀಳಬೇಕಾದ ಕಡೆ ಅವನೊಂದು ಗೂಟ ನೆಡುತ್ತಾನೆ. ಬಿದ್ದ ಮರ ಅದನ್ನು ನೆಲದೊಳಗೆ ಇಳಿಸದೆ ಹೋದದ್ದನ್ನು ಹಗ್ಗ ಹಿಡಿಯುವ ಅವನ ಭಾವಮೈದುನ ಇಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲ. ಬಾಡಿಗೆಮನೆ ನೋಡಲು ಬಂದವನಂತೆ ಮೇಸ್ತ್ರಿ ಮರವನ್ನು ಮೂರು ಸುತ್ತು ಬಂದು ಅದು ವಾಲಿರುವ ಕಡೆ, ಕೊಂಬೆಯ ಭಾರ, ಗಾಳಿಯ ದಿಕ್ಕು ಎಲ್ಲ ವಿಚಾರಿಸಿಕೊಳ್ಳುತ್ತಾನೆ. ಬೀಳುವ ಕಡೆ ಕಚ್ಚು ಹಾಕಿ, ಹಿಂದಿನಿಂದ ಗರಗಸ ಎಳೆದು, ನಡುವೆ ಹೆಬ್ಬೆರಳಗಲ ಮಾತ್ರ ಕೊಯ್ಯದೆ ಬಿಡುತ್ತಾನೆ. "ಇದು ಲಗಾಮು ಕಣಯ್ಯಾ. ಇದನ್ನೂ ಕೊಯ್ದರೆ ಮರ ಯಾರ ಮಾತೂ ಕೇಳಲ್ಲ," ಎಂದು ಭಾವಮೈದುನನಿಗೆ ದಿನಕ್ಕೆ ಹತ್ತು ಸಲ ಹೇಳುತ್ತಾನೆ. ಆಮೇಲೆ ಬೆಣೆ ಬಡಿದರೆ ಮರ ಹೇಳಿದ ಜಾಗದಲ್ಲೇ ಮಲಗುತ್ತದೆ. ಇಂಥವನು ಮೊನ್ನೆ ಟೀಚರಮ್ಮನ ಹಿತ್ತಲಲ್ಲಿ ಮನೆಗೆ ಒತ್ತಿಕೊಂಡಿದ್ದ ಮರಕ್ಕೆ ಗೂಟ ನೆಟ್ಟು, ಬೀದಿಯೆಲ್ಲ ನೋಡುತ್ತಿರುವಾಗ ಮೊದಲ ಚಕ್ಕೆ ಹಾರಿಸಿ ಕೊಡಲಿ ಕೆಳಗಿಟ್ಟುಬಿಟ್ಟ. ಚಕ್ಕೆಯನ್ನು ಅಂಗೈಯಲ್ಲಿ ತಿಕ್ಕಿದ, ಪುಡಿಪುಡಿಯಾಯಿತು. "ಒಳಗೆಲ್ಲ ಟೊಳ್ಳು. ಲಗಾಮು ನಿಲ್ಲಲ್ಲ. ಟೀಚರಮ್ಮಾ, ಹಾಸಿಗೆ ಹಿಡಿದಿರೋ ಅಜ್ಜೀನ ಮೊದಲು ಪಕ್ಕದ ಮನೆಗೆ ಕರ್ಕೊಂಡು ಹೋಗಿ," ಎಂದ. ಬುಡವನ್ನು ಮತ್ತೆ ಮುಟ್ಟದೆ, ಮರವನ್ನು ಅಕ್ಕಪಕ್ಕದ ಮರಗಳಿಗೆ ಬಿಗಿದು, ಮೂರು ದಿನ ತುದಿಯಿಂದ ತುಂಡುತುಂಡಾಗಿ ಇಳಿಸಿದ. ಎಲ್ಲ ಮುಗಿದ ಮೇಲೆ ಎದುರುಮನೆಯವನು ಬಂದು, "ಅಂತೂ ಒಂದು ಮರ ನಿನ್ನನ್ನೂ ಸೋಲಿಸ್ತಲ್ಲೋ ಮೇಸ್ತ್ರಿ!" ಎಂದು ನಕ್ಕ. ಭಾವಮೈದುನನಿಗೆ ಮೈಯೆಲ್ಲ ಉರಿದುಹೋಯಿತು. ಮೇಸ್ತ್ರಿ ಮಾತ್ರ ಬೆವರೊರೆಸಿಕೊಳ್ಳುತ್ತ, "ಹೌದು ಸ್ವಾಮಿ, ಸೋತೆ. ಸ್ವಲ್ಪ ಮೆಲ್ಲಗೆ ಮಾತಾಡಿ, ಅಜ್ಜೀನ ಈಗಷ್ಟೇ ವಾಪಸ್ ಕರ್ಕೊಂಡು ಬಂದು ಒಳಗೆ ಮಲಗಿಸಿದ್ದಾರೆ," ಎಂದ.