ಎತ್ತಿದ ಬಲಗೈ

ಕಂಡದ್ದನ್ನು ಕಾಣಲಿಲ್ಲ ಎಂದೆ. ಕಣ್ಣು ಮಂಜಾಗುತ್ತಿದ್ದ ಹೆಂಗಸಿಗೆ, ನನ್ನ ಕಣ್ಣನ್ನೇ ನಂಬಿ ಕೂತಿದ್ದವರಿಗೆ — ಸುಳ್ಳು ಹೇಳಿದೆ. ತೊಂಬತ್ತೆರಡನೇ ಇಸವಿಯಲ್ಲಿ; ಈಗ ಆರು ವರ್ಷವಾಯಿತು.

ಪದ್ಮಾ ಆಂಟಿ ನಿವೃತ್ತ ಡಾಕ್ಟರು, ಮನೆ ವಾಷಿಂಗ್ಟನ್ ಹತ್ತಿರದ ಸೆಂಟರ್‌ವಿಲ್‌ನಲ್ಲಿ. ನಾನು ಮೈಸೂರಿನಲ್ಲಿ ಚರ್ಚಾಸ್ಪರ್ಧೆಯ ಶೀಲ್ಡುಗಳನ್ನು ಬಾಚಿಕೊಂಡು, ಎಂ.ಎಸ್. ಮಾಡಲು ಬಂದವಳು. ಶನಿವಾರಗಳಂದು ಅವರಿಗೆ ಪುಸ್ತಕ ಓದಿ ಹೇಳುತ್ತಿದ್ದೆ — ಓದಿದ್ದಕ್ಕಿಂತ ವಾದಿಸಿದ್ದೇ ಹೆಚ್ಚು. ‘ಲಾಯರಮ್ಮ, ಮೊದ್ಲು ಕಾಫಿ ಕುಡಿ, ಆಮೇಲೆ ಕ್ರಾಸ್ ಎಕ್ಸಾಮಿನ್ ಮಾಡು’ ಎನ್ನುತ್ತಿದ್ದರು.

ಅವರ ಮನೆಯ ಹಾಲ್‌ನ ಗೋಡೆಯಲ್ಲಿ ಒಂದು ಪೆನ್ಸಿಲ್ ಚಿತ್ರವಿತ್ತು. ಬರೆದವರು ಅವರ ತಂದೆ, ಡ್ರಾಯಿಂಗ್ ಮೇಷ್ಟ್ರು. ಅವರೂರಿನ ಹಳೆಯ ಗುಡಿಯಲ್ಲಿ ಬಲಗೈ ಮುರಿದ ಮದನಿಕೆಯೊಂದಿತ್ತಂತೆ. ಆ ಕೈಯಲ್ಲಿ ಕನ್ನಡಿಯಿತ್ತೆಂದು ಊರೆಲ್ಲ ಹೇಳಿದರೂ ಮೇಷ್ಟ್ರು ಒಪ್ಪಲಿಲ್ಲ: ಕನ್ನಡಿ ನೋಡುವವಳು ಹುಬ್ಬು ಗಂಟಿಕ್ಕುವುದಿಲ್ಲ, ಇವಳು ಬಿಸಿಲಿಗೆ ಕೈ ಅಡ್ಡ ಹಿಡಿದು ದೂರದಲ್ಲಿ ಯಾರನ್ನೋ ನೋಡುತ್ತಿದ್ದಾಳೆ. ಹಾಗೆಂದು ಇಲ್ಲದ ಕೈಯನ್ನು ಬರೆದೇಬಿಟ್ಟಿದ್ದರು. ಊರು ನಕ್ಕಿತ್ತು. ನಾನೂ ನಕ್ಕೆ — ಪುರಾವೆ ಎಲ್ಲಿ, ಇದು ಬರೀ ಊಹೆ ಎಂದೆ. ಆ ಹುಬ್ಬೇ ಪುರಾವೆಯೆಂದು ನನಗೆ ಹೊಳೆಯಲಿಲ್ಲ... ಅಥವಾ ಹೊಳೆದಿತ್ತೋ.

ಆಂಟಿ ಪುರಾವೆ ಹುಡುಕಿದರು. ವಾಷಿಂಗ್ಟನ್ನಿನ ಹಳೇ ಪುಸ್ತಕದಂಗಡಿಯೊಂದಕ್ಕೆ ತಿಂಗಳುಗಟ್ಟಲೆ ಫೋನು ಮಾಡಿ, ಶಿಲ್ಪಗಳ ಮೇಲಿನ ಒಂದು ಹಳೆಯ ಗ್ರಂಥ ತರಿಸಿದರು; ಕೈ ಮುರಿಯುವುದಕ್ಕೆ ಮೊದಲೇ ತೆಗೆದ ಫೋಟೋ ಅದರಲ್ಲಿತ್ತಂತೆ. ಪುಸ್ತಕ ಬರುವಷ್ಟರಲ್ಲಿ ಅವರ ಕಣ್ಣಿಗೆ ಪುಟವೆಲ್ಲ ಬೂದುಬಣ್ಣದ ಮಂಜು.

‘ನೋಡಿ ಹೇಳೇ. ಕೈ ಹೇಗಿದೆ?’

ಫೋಟೋದ ಮೇಲೆ ಹೊದಿಸಿದ್ದ ತೆಳುಕಾಗದವನ್ನು ಎತ್ತಿದೆ.

ಎಣಿಸಬಹುದಾದ ಸಣ್ಣ ಬೆರಳುಗಳು ಹಣೆಯ ಮೇಲೆ ಸೂರಿನಂತೆ ಬಾಗಿದ್ದವು — ಅವುಗಳ ನೆರಳು ಅವಳ ಕಣ್ಣಿನ ಮೇಲೆ ಬಿದ್ದಿತ್ತು. ಕಲ್ಲಿನ ಕಣ್ಣಿಗೂ ಬಿಸಿಲು ಚುಚ್ಚುತ್ತದೆಂದು ಯಾವನೋ ಶಿಲ್ಪಿಗೆ ತೋಚಿತ್ತು. ಎಷ್ಟೋ ನೂರು ವರ್ಷಗಳ ಮೇಲೆ, ಆ ಕೈಯನ್ನೇ ಕಾಣದ ಮೇಷ್ಟ್ರೊಬ್ಬರಿಗೆ ಬರೀ ಒಂದು ಹುಬ್ಬಿನಿಂದ ಅದು ತಿಳಿದಿತ್ತು. ಕಿರುಬೆರಳು ಕೊಂಚ ಬಿಡಿಸಿಕೊಂಡಿತ್ತು — ಗೋಡೆಯ ಚಿತ್ರದಲ್ಲೂ ಹಾಗೆಯೇ. ಮೈ ಜುಮ್ಮೆಂದಿತು. ಯಾವ ದೇವರಿಗೂ ಕೈಮುಗಿಯದ ನನಗೆ ಕೈಮುಗಿಯಬೇಕೆನಿಸಿತು —

ಮರುಗಳಿಗೆ, ಸೋತೆನಲ್ಲ ಎನಿಸಿತು.

‘ಇದ್ರಲ್ಲೂ ಮುರಿದೇ ಇದೆ, ಆಂಟಿ.’

ಅವರು ಕೈಚಾಚಿ ಪುಸ್ತಕ ಮುಚ್ಚಿದರು. ‘ಹೌದಾ. ಹಾಗಾದ್ರೆ ನೀನು ಹೇಳಿದ್ದೇ ಸರಿ ಕಣೆ. ಅಪ್ಪ ಊಹೆ ಮಾಡಿದ್ರು.’

ಮುಂದಿನ ಶನಿವಾರ ಗೋಡೆಯಲ್ಲಿ ಮೊಳೆ ಮಾತ್ರವಿತ್ತು.

ಆ ಚಳಿಗಾಲ ಅವರು ದಕ್ಷಿಣಕ್ಕೆ, ಡುಲುತ್‌ನಲ್ಲಿರುವ ಮಗಳ ಮನೆಗೆ ಹೋದರು. ಗ್ರಂಥವನ್ನು ನನಗೇ ಕೊಟ್ಟರು — ಕಣ್ಣಿರುವವಳ ಹತ್ತಿರ ಇರಲಿ ಎಂದು. ಎಷ್ಟು ಸಲ ಆ ಪುಟ ತೆರೆದಿದ್ದೇನೋ! ಬೆರಗು ಇಂದಿಗೂ ಒಂದು ಕೂದಲೆಳೆಯಷ್ಟು ಕಡಿಮೆಯಾಗಿಲ್ಲ. ಅದೇ ನನ್ನ ಶಿಕ್ಷೆ. ನನ್ನ ಪರವಾಗಿ ವಾದ ಹೂಡಬಲ್ಲೆ — ಇಪ್ಪತ್ತೆರಡರ ವಯಸ್ಸು, ಸೋತು ಗೊತ್ತಿಲ್ಲದವಳು... ಹೂಡುವುದಿಲ್ಲ.

ನಾಳೆ ಬೆಳಿಗ್ಗೆ ಡುಲುತ್‌ಗೆ ಹೊರಡುತ್ತೇನೆ. ಎರಡೂ ಕ್ಯಾರೊಲಿನಾ ರಾಜ್ಯಗಳನ್ನು ದಾಟಿ ಹತ್ತು ಗಂಟೆಯ ಡ್ರೈವು. ಪುಸ್ತಕ ಪಕ್ಕದ ಸೀಟಿನಲ್ಲಿರುತ್ತದೆ. ಆಂಟಿಗೆ ಈಗ ಏನೂ ಕಾಣುವುದಿಲ್ಲವಂತೆ. ಅವರ ಬಲಗೈ ಹಿಡಿದು, ಅವರದೇ ಹಣೆಗೆ ಅಡ್ಡವಾಗಿ ಎತ್ತಿ, ಕಿರುಬೆರಳನ್ನು ಕೊಂಚ ಬಿಡಿಸಿ ಹೇಳಬೇಕು — ಹೀಗಿತ್ತು, ಆಂಟಿ. ನಾನು ನೋಡಿದ್ದೆ.