ತವರಿನ ಹೆಪ್ಪು

ಆಗ ನಾನು ತಿಪಟೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಅಲ್ಪನ ಜಂಬ ನನ್ನದು. ಊರಲ್ಲಿ ಅವ್ವನ ಮೊಸರು ಕೆಟ್ಟಿದ್ದು ಅದೇ ವರ್ಷ. ಸೌಟಿನಲ್ಲಿ ಎತ್ತಿದರೆ ಲೋಳೆಯಾಗಿ ನೂಲಿನಂತೆ ಎಳೆ ಬರುತ್ತಿತ್ತು. ಮದುವೆಯಾಗಿ ಬರುವಾಗ ತವರಿಂದ ತಂದ ಹೆಪ್ಪು ಅದು. ನಿನ್ನೆಯ ಮೊಸರು ಇವತ್ತಿನ ಹಾಲಿಗೆ, ಇವತ್ತಿನದು ನಾಳೆಗೆ ಎಂದು ಒಂದು ದಿನವೂ ತಪ್ಪದೆ ಉಳಿಸಿಕೊಂಡು ಬಂದಿದ್ದಳು. ತೀರಿಹೋದ ಅಜ್ಜಿಯ ಕೈಯಿಂದ ಬಂದದ್ದೆಂದು ಮನೆಯಲ್ಲಿ ಉಳಿದಿದ್ದು ಅದೊಂದೇ.

"ಓದಿರೋನಲ್ವೇನ್ಲಾ ನೀನು, ಏನಾರಾ ಮಾಡು," ಎಂದಳು ಅವ್ವ.

ಮಾಡಲು ನನಗೇನೂ ಬರುತ್ತಿರಲಿಲ್ಲ, ಹೇಳಲು ಬರುತ್ತಿತ್ತು. ಲೈಬ್ರರಿಯಲ್ಲಿ ಆಗಷ್ಟೇ ಓದಿದ್ದನ್ನು ಒಲೆಯ ಮುಂದೆ ಕೂತು ಶುರುಮಾಡಿದೆ. ಜೀವ ಹುಟ್ಟುವುದಕ್ಕೂ ಮುಂಚೆ, ತಮ್ಮಂಥದೇ ಇನ್ನೊಂದನ್ನು ಮಾಡಿಕೊಳ್ಳುವ ಅಣುಗಳು ನೀರಿನಲ್ಲಿ ಇದ್ದಿರಬಹುದಂತೆ. ಒಂದು ಬಗೆಯ ಅಣು ಇನ್ನೊಂದು ಬಗೆಯದು ಹೆಚ್ಚಲು ನೆರವಾಗುತ್ತಿತ್ತು, ಅದು ಮೂರನೆಯದಕ್ಕೆ, ಮೂರನೆಯದು ಮತ್ತೆ ಮೊದಲಿನದಕ್ಕೆ. ಇವತ್ತು ನಿಮ್ಮ ಕಾಯಿ ನಾವು ಸುಲಿದರೆ ನಾಳೆ ನಮ್ಮದನ್ನು ನೀವು ಸುಲಿಯುವ ಮುಯ್ಯಾಳಿನ ಹಾಗೆ. ಆದರೆ ನೆರವು ಪಡೆದು ಯಾರಿಗೂ ಕೊಡದ ಒಂದು ಕಳ್ಳ ಅಣು ನಡುವೆ ಸೇರಿದರೆ, ಅದೇ ಎಲ್ಲರಿಗಿಂತ ಬೇಗ ಹೆಚ್ಚಿ ಇಡೀ ಕೂಟವನ್ನೇ ಮುಳುಗಿಸುತ್ತದೆ. ಸಣ್ಣ ಸಣ್ಣ ಗುಳ್ಳೆಗಳೊಳಗೆ ಬೇರೆ ಬೇರೆಯಾಗಿದ್ದರೆ, ಒಂದು ಗುಳ್ಳೆ ಕೆಟ್ಟರೂ ಇನ್ನೊಂದು ಉಳಿದೀತು.

"ನಿನ್ನ ಮೊಸರಲ್ಲೂ ಅಂಥದ್ದೇ ಸೇರೈತೆ," ಎಂದೆ. ಮೊಸರಿನಲ್ಲಿರುವುದು ಬರೀ ಅಣುಗಳಲ್ಲ, ಜೀವಿಗಳು. ಹೋಲಿಕೆ ಪೂರ್ತಿ ಸರಿಯಲ್ಲ ಎಂದು ನನಗೂ ಗೊತ್ತಿತ್ತು.

ಎಲ್ಲಿಂದ ಸೇರಿತೆಂದು ಹುಡುಕುವುದು ಕಷ್ಟವಿರಲಿಲ್ಲ. ನಮ್ಮ ಬೀದಿಯಲ್ಲಿ ಹೆಪ್ಪು ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ. ಪಡೆದವರು ಬಟ್ಟಲನ್ನು ಬರಿದಾಗಿ ಹಿಂದಿರುಗಿಸುವಂತೆಯೂ ಇಲ್ಲ, ಅವರ ಮನೆಯ ಮೊಸರು ಒಂದು ಚಮಚವಾದರೂ ಅದರಲ್ಲಿ ಬರಬೇಕು. ಬಂದದ್ದನ್ನು ಚೆಲ್ಲಬಾರದೆಂದು ಅವ್ವ ತನ್ನ ಗಡಿಗೆಗೇ ಸುರಿಯುತ್ತಿದ್ದಳು. ಬೀದಿಯ ಎಲ್ಲ ಮನೆಗಳಲ್ಲೂ ಈಗ ಅದೇ ಲೋಳೆ.

"ತವರಲ್ಲಿ ಇರ್ತದೆ ಬುಡು, ಹೋಗಿ ಇಸ್ಕೊಂಡ್ ಬಾ. ಆ ಗುಳ್ಳೆ ಬ್ಯಾರೆ ಅಲ್ವೇನ್ಲಾ?" ಎಂದಳು. ನನಗಿಂತ ಚೆನ್ನಾಗಿ ಅವಳಿಗೇ ಅರ್ಥವಾಗಿತ್ತು.

ಬಸ್ಸು ಹತ್ತಿ ತುರುವೇಕೆರೆ ಕಡೆಯ ಅವ್ವನ ತವರೂರಿಗೆ ಹೋದೆ. ಸೋದರಮಾವನ ಹೆಂಡತಿ ಗಡಿಗೆಯ ಮುಚ್ಚಳ ತೆಗೆದು ಸೌಟು ಎತ್ತಿದರು. ಎಳೆ ಕಡಿಯಲೇ ಇಲ್ಲ.

"ಹೋದ ತಿಂಗ್ಳು ಬಂದಾಗ ನಿಮ್ಮವ್ವ ಬರಿಗೈಲಿ ಬರಬಾರ್ದು ಅಂತ ಒಂದು ಚೊಂಬು ಮೊಸರು ತಂದಿದ್ಲು ಕಣಪ್ಪ. ಆಗ ಚೆನ್ನಾಗೇ ಇತ್ತು. ಅದನ್ನೇ ಹೆಪ್ಪು ಹಾಕ್ದೆ. ಆಮ್ಯಾಕೆ ಹಿಂಗಾಯ್ತು."

ನಾನು ಮರಳಿದಾಗ ಅವ್ವ ಹಾಲು ಕಾಸಿ, ಬೆಚ್ಚಗೆ ಆರಿಸಿ ಕಾಯುತ್ತಿದ್ದಳು. ಖಾಲಿ ಬಟ್ಟಲನ್ನು ಅವಳ ಮುಂದೆ ಇಟ್ಟೆ. ನೀನು ಒಯ್ದದ್ದರಿಂದಲೇ ಅಲ್ಲಿಯದೂ ಕೆಟ್ಟಿತು ಎನ್ನಲು ನನಗೆ ಬಾಯಿ ಬರಲಿಲ್ಲ.

"ಕೊಡ್ಲಿಲ್ವೇನ್ಲಾ?" ಎಂದಳು.

ನಾನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ. ಕೊಡಲಿಲ್ಲವೆಂದೇ ಅವಳು ತಿಳಿದಳು. ಆಮೇಲೆ ತವರಿಗೆ ಹೋಗುವುದನ್ನೇ ಬಿಟ್ಟಳು.