ಎದುರುಮನೆ ಆಂಟಿ ಕಟ್ಟಿದ ಆಮೆ

ಹೋದ ತಿಂಗಳು ಕಮ್ಮನಹಳ್ಳಿ ಮೇನ್ ರೋಡಿನ ಮೊಬೈಲ್ ರಿಪೇರಿ ಅಂಗಡಿಯೊಂದರ ಮುಂದೆ ನಿಂತಿದ್ದೆ. ಅಂಗಡಿಯವರು ನನ್ನ ಫೋನಿನ ಹೊಟ್ಟೆ ಬಿಚ್ಚಿ, ಸಾಲ್ಡರಿಂಗ್ ಐರನ್ನಿನ ಕಾದ ತುದಿಯನ್ನು ಒಳಗೆ ಎಲ್ಲಿಗೋ ತಾಗಿಸಿದರು. ಎಳೆಯಂತೆ ಹೊಗೆ ಎದ್ದಿತು. ಸಾಂಬ್ರಾಣಿಯೂ ಅಲ್ಲ, ಸುಟ್ಟ ರಬ್ಬರೂ ಅಲ್ಲ, ಮೂಗಿನ ತುದಿಯಲ್ಲಿ ಸ್ವಲ್ಪವೇ ಉರಿಯುವ ರಾಳದ ವಾಸನೆ.

"ಅರ್ಧ ಗಂಟೆ ಆಗತ್ತೆ ಮೇಡಂ. ಏನಾದ್ರೂ ಕೆಲ್ಸ ಇದ್ರೆ ಮುಗಿಸ್ಕೊಂಡ್ ಬನ್ನಿ" ಅಂದರು.

ಕೆಲಸವಿತ್ತು. ಆದರೆ ಕಾಲು ಕದಲಲಿಲ್ಲ. ಅದು ನಮ್ಮ ಎದುರುಮನೆ ಆಂಟಿಯ ಸೆರಗಿನ ವಾಸನೆಯಾಗಿತ್ತು...

ತೊಂಬತ್ತರ ದಶಕದ ಮೊದಲ ವರ್ಷಗಳು. ಕೆ.ಆರ್. ಪುರದ ಕಡೆ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮ್ಮ ವಾಸ. ಅಪ್ಪ ಅಲ್ಲಿ ಗುಮಾಸ್ತರು. ಎದುರುಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಅದೇ ಕಾರ್ಖಾನೆಯವರು. ಮಕ್ಕಳಿರಲಿಲ್ಲ. ಆಂಟಿಯದು ಟೆಲಿಫೋನಿನ ಒಳಗಿನ ಬೋರ್ಡುಗಳಿಗೆ ಬೆಸುಗೆ ಹಾಕುವ ಕೆಲಸ. ಉದ್ದನೆಯ ಮೇಜಿನ ಎರಡೂ ಬದಿಗೆ ಹೆಂಗಸರು ಸಾಲಾಗಿ ಕೂತು ಮಾಡುತ್ತಿದ್ದ ಕೆಲಸ ಅದು. ಶಿಫ್ಟ್ ಮುಗಿಸಿ ಬಂದವರೇ ನಮ್ಮನೆ ಜಗುಲಿಯ ಮೇಲೆ ಕುಳಿತು ಅಮ್ಮನ ಕೈಯಿಂದ ಕಾಫಿ ಲೋಟ ತೆಗೆದುಕೊಂಡರೆ, ಕಾಫಿಯ ಪರಿಮಳವನ್ನು ಮೀರಿ ಆ ರಾಳದ ವಾಸನೆ ಬರುತ್ತಿತ್ತು.

ಅಂಕಲ್ ಡ್ರಾಯಿಂಗ್ ಆಫೀಸಿನಲ್ಲಿ ಡ್ರಾಫ್ಟ್ಸ್‌ಮನ್. ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವವರು. ಕಾಲೊನಿಯಲ್ಲಿ ಯಾರ ಮನೆಯ ಮದುವೆಯಾದರೂ ಮಂಟಪದ ಹಿಂದೆ ವಧೂವರರ ಹೆಸರಿನ ಅಕ್ಷರ ಅವರದೇ. ರಾಜ್ಯೋತ್ಸವಕ್ಕೆ ಕರ್ನಾಟಕದ ನಕ್ಷೆಯನ್ನು ಗೋಡೆಯ ಮೇಲೆ ನೇರವಾಗಿ, ಪೆನ್ಸಿಲ್ ಗುರುತೂ ಇಲ್ಲದೆ, ಬೀದರ್‌ನಿಂದ ಶುರುಮಾಡಿ ಒಂದೇ ಉಸಿರಿನಲ್ಲಿ ಬರೆದು ಮುಗಿಸುತ್ತಿದ್ದರು. ಸ್ಕೇಲಿಲ್ಲದೆ ಅವರು ಎಳೆದ ಗೆರೆಯ ಮೇಲೆ ನಾವು ಸ್ಕೇಲಿಟ್ಟು ನೋಡುತ್ತಿದ್ದೆವು. ಒಂದು ಸಲವೂ ಅವರನ್ನು ಸೋಲಿಸಲು ಆಗಲಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಅವರ ಬಲಗೈ ನಡುಗಲು ಶುರುವಾಯಿತು. ಮೊದಲು ಕಾಫಿ ತುಳುಕಿತು. ಆಮೇಲೆ ಸಹಿ ಕೆಟ್ಟಿತು. ಆಸ್ಪತ್ರೆಗಳಿಗೆ ಓಡಾಡಿದರು, ಮಾತ್ರೆ ನುಂಗಿದರು, ಯಾರೋ ಹೇಳಿದರೆಂದು ಎಣ್ಣೆ ತಿಕ್ಕಿಸಿಕೊಂಡರು. ಗೆರೆ ಮಾತ್ರ ಮರಳಿ ಬರಲಿಲ್ಲ. ಕಾರ್ಖಾನೆಯವರು ಒಳ್ಳೆಯವರೇ, ಅವರನ್ನು ಸ್ಟೋರ್ಸಿಗೆ ಹಾಕಿ ಸಂಬಳ ಉಳಿಸಿದರು. ಆದರೆ ಮನೆಗೆ ಬಂದ ಮೇಲೆ ಅಂಕಲ್ ಬಾಗಿಲು ಹಾಕಿಕೊಂಡು ಕೂರತೊಡಗಿದರು. ಆ ವರ್ಷ ರಾಜ್ಯೋತ್ಸವದ ಗೋಡೆಗೆ ಬೇರೆ ಯಾರೋ ಬರೆದರು. ಅಂಕಲ್ ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟು ಹಿಂದಿನ ಗೇಟಿನಿಂದ ಓಡಾಡಿದರು. ಆಂಟಿ ಇದರ ಬಗ್ಗೆ ಯಾರ ಹತ್ತಿರವೂ ಒಂದು ಮಾತೂ ಆಡಲಿಲ್ಲ. ಅಮ್ಮ ಕೆದಕಿದರೆ, "ಹೂಂ ಕಣ್ರೀ, ಇದ್ದಾರೆ" ಅನ್ನುತ್ತಿದ್ದರು, ಅಷ್ಟೇ.

ಅದರ ಮರುವರ್ಷದ ಬೇಸಿಗೆ ರಜೆಯಲ್ಲಿ ಕಾಲೊನಿಯ ಕ್ಲಬ್ಬಿಗೆ ಕಂಪ್ಯೂಟರ್ ಬಂತು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಹಲಸೂರಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಒಬ್ಬ ಸರ್ ನಮಗೆ ಪಾಠ ಹೇಳುತ್ತಿದ್ದರು. ಪರದೆಯ ನಡುವೆ ಒಂದು ಪುಟ್ಟ ತ್ರಿಕೋನ. ಅದರ ಹೆಸರು ಆಮೆ. ಮುಂದೆ ಹೋಗು ಎಂದು ಟೈಪ್ ಮಾಡಿದರೆ ಹೋಗುತ್ತದೆ, ಬಲಕ್ಕೆ ತಿರುಗು ಎಂದರೆ ತಿರುಗುತ್ತದೆ, ಹೋದ ದಾರಿಯಲ್ಲೆಲ್ಲ ಗೆರೆ ಬಿಡುತ್ತದೆ. ಮನೆಗೆ ಓಡಿಬಂದು, ಜಗುಲಿಯಲ್ಲಿ ಕೂತಿದ್ದ ಆಂಟಿಗೆ ಏದುಸಿರಿನಲ್ಲೇ ಹೇಳಿದೆ.

"ಗೆರೆ ಯಾರು ಎಳೀತಾರೆ?" ಎಂದರು.

"ಯಾರೂ ಇಲ್ಲ ಆಂಟಿ. ನಾವು ಹೇಳೋದಷ್ಟೇ. ಅದೇ ಎಳ್ಕೊಳತ್ತೆ."

"ನೆಟ್ಟಗೆ ಬರತ್ತಾ?"

"ಸ್ಕೇಲಿಟ್ಟಂಗೆ!"

ಆಂಟಿ ಲೋಟ ಕೆಳಗಿಟ್ಟರು. ಮಾರನೆಯ ದಿನ ನಮ್ಮ ಹಿಂದೆಯೇ ಕ್ಲಬ್ಬಿಗೆ ಬಂದು, ಕಿಟಕಿಯ ಪಕ್ಕ ಗೋಡೆಗೊರಗಿ ನಿಂತು ಪರದೆಯನ್ನೇ ನೋಡಿದರು. ಪಾಠ ಮುಗಿದ ಮೇಲೆ ಸರ್ ಅವರಿಗೆ ಇನ್ನೊಂದು ವಿಷಯ ಹೇಳಿದರು. ಪರದೇಶದ ಶಾಲೆಗಳಲ್ಲಿ ನಿಜವಾದ ಆಮೆಯಂಥ ಯಂತ್ರವೇ ಇದೆಯಂತೆ, ನೆಲದ ಮೇಲೆ ಹಾಸಿದ ಕಾಗದದ ಮೇಲೆ ಓಡಾಡಿ ಪೆನ್ನಿನಿಂದ ಚಿತ್ರ ಬರೆಯುತ್ತದಂತೆ. ಸರ್ ಕೂಡ ಅದರ ಫೋಟೋ ಮಾತ್ರ ನೋಡಿದ್ದರು.

"ಒಳಗಡೆ ಏನಿರತ್ತೆ ಸರ್ ಅದ್ರಲ್ಲಿ?" ಆಂಟಿ ಕೇಳಿದರು.

"ಎರಡು ಮೋಟರ್ ಇರತ್ತೆ ಮೇಡಂ, ಎರಡು ಚಕ್ರಕ್ಕೆ. ಮಧ್ಯದಲ್ಲಿ ಪೆನ್. ಆಮೇಲೆ ಒಂದು ಸಣ್ಣ ಬೋರ್ಡು."

"ಬೋರ್ಡು ನಾನ್ ಮಾಡ್ತೀನಿ" ಎಂದರು ಆಂಟಿ. "ಕಂಪ್ಯೂಟರ್ ಕಡೆಯಿಂದ ಏನ್ ಬರತ್ತೆ ಅಂತ ನೀವು ಹೇಳ್ಕೊಡಿ."

ಅವರಿಬ್ಬರೂ ಸೇರಿ ಕೆಲಸ ಶುರುಮಾಡಿದರು. ಭಾನುವಾರ ಆಂಟಿ ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಹೋಗುತ್ತಿದ್ದರು. ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಸತ್ತ ರೇಡಿಯೋಗಳು, ಪ್ರಿಂಟರುಗಳು, ಫ್ಯಾನುಗಳ ಗುಡ್ಡೆಯ ನಡುವೆ ಕೂತಿದ್ದ ಸಾಬರು ಒಂದು ಮೋಟಾರು ಎತ್ತಿ ತೋರಿಸಿ, "ಪ್ರಿಂಟರ್ದು ಮಾಲು ಬೆಹೆನ್‌ಜೀ, ಏಕ್‌ದಮ್ ಗಟ್ಟಿ. ಜೋಡಿ ಇದೆ, ತಗೊಳಿ" ಎಂದರು. ಆಂಟಿ ಅದರ ನಡುವಿನ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ, ಕಣ್ಣು ಮುಚ್ಚಿಕೊಂಡು, ಅದು ಟಿಕ್ ಟಿಕ್ಕೆಂದು ನಿಂತು ನಿಂತು ತಿರುಗುವುದನ್ನು ಬೆರಳಿನಲ್ಲೇ ಕೇಳಿಸಿಕೊಂಡರು. ಅವರ ಮುಖ ಆಗ ಹಣ್ಣು ಮುಟ್ಟಿ ನೋಡಿ ಆರಿಸುವವರ ಮುಖದಂತಿತ್ತು.

ಮೈಗೆ ಅಲ್ಯೂಮಿನಿಯಂ ಪಾತ್ರೆಯ ಮುಚ್ಚಳ. ಚಕ್ರಕ್ಕೆ ಕ್ರೀಮ್ ಡಬ್ಬಿಯ ಮುಚ್ಚಳಗಳು, ಸುತ್ತಲೂ ಸೈಕಲ್ ಟ್ಯೂಬಿನ ಪಟ್ಟಿ. ಕಂಪ್ಯೂಟರಿನಿಂದ ಅದಕ್ಕೆ ಉದ್ದನೆಯ ವೈರು. ವೈರು ಕಾಲಿಗೆ ತೊಡರದಂತೆ ಎತ್ತಿ ಹಿಡಿದು ಆಮೆಯ ಹಿಂದೆ ನಡೆಯುವ ಕೆಲಸಕ್ಕೆ ನಮ್ಮಲ್ಲಿ ಜಗಳ.

ಮೊದಲ ದಿನ ಅದು ಕುಡುಕನ ಹಾಗೆ ನಡೆಯಿತು. ಮುಂದೆ ಹೋಗು ಎಂದರೆ ಎಡಕ್ಕೆ ವಾಲುತ್ತಾ ಹೋಗಿ ಮೇಜಿನ ಕಾಲಿಗೆ ಗುದ್ದಿತು. ನಾವು ಬಿದ್ದು ಬಿದ್ದು ನಕ್ಕೆವು. ಆಂಟಿ ನಗಲಿಲ್ಲ, ಬೇಸರವನ್ನೂ ಪಡಲಿಲ್ಲ. ಎರಡು ಚಕ್ರಗಳನ್ನೂ ಅಂಗೈಯಲ್ಲಿಟ್ಟುಕೊಂಡು ನೋಡಿ, "ಒಂದಕ್ಕೆ ರಬ್ಬರ್ ದಪ್ಪ ಆಗಿದೆ" ಎಂದು ಮನೆಗೆ ಒಯ್ದರು. ಮತ್ತೆ ತಂದ ದಿನ ಆಮೆ ಡ್ರಾಯಿಂಗ್ ಶೀಟಿನ ಮೇಲೆ ಮುಂದೆ ಹೋಯಿತು, ನಿಂತಿತು, ಗಿರ್ರೆಂದು ತಿರುಗಿತು, ಮತ್ತೆ ಮುಂದೆ ಹೋಯಿತು. ಕೊನೆಯ ಗೆರೆ ಮೊದಲ ಗೆರೆಯ ಬುಡಕ್ಕೆ ಬಂದು ಕೂಡಿಕೊಂಡಿತು. ಚೌಕ! ಯಾರೂ ಮುಟ್ಟದೆ, ನಮ್ಮ ಮಾತು ಕೇಳಿ, ನೆಲದ ಮೇಲೆ ಒಂದು ಚೌಕ ಹುಟ್ಟಿತ್ತು. ನಾವೆಲ್ಲ ಹಾಳೆಯ ಸುತ್ತ ಮಂಡಿಯೂರಿ ಕೂತೆವು.

ಪಾಠ ಹೇಳುವುದರಲ್ಲಿ ಆಂಟಿಯದೇ ಒಂದು ರೀತಿ. ಇಂಗ್ಲಿಷ್ ಆಜ್ಞೆಗಳು ಚಿಕ್ಕ ಮಕ್ಕಳಿಗೆ ಕಷ್ಟವೆಂದು ಸರ್ ಹತ್ತಿರ ಹೇಳಿ 'ಮುಂದೆ', 'ಬಲ', 'ಎಡ', 'ಪೆನ್ ಎತ್ತು' ಎಂಬ ಮಾತುಗಳನ್ನೇ ಕಂಪ್ಯೂಟರಿಗೆ ಕಲಿಸಿದರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವುದು. ಟೈಪ್ ಮಾಡುವ ಮೊದಲು ಅಂಗಳದಲ್ಲಿ ನಡೆದು ತೋರಿಸಬೇಕು.

"ನೀನೇ ಆಮೆ ಅನ್ಕೊ ಪುಟ್ಟೀ. ಈಗ ಮುಖ ಎಲ್ಲಿಗಿದೆ? ಮನೆ ಕಡೆ ಹೋಗ್ಬೇಕಾದ್ರೆ ಯಾವ ಕಡೆ ತಿರುಗ್ತೀಯ? ನಿನಗೇ ಗೊತ್ತಿಲ್ದೆ ಇದ್ರೆ ಪಾಪ ಅದಕ್ಕೆ ಹೆಂಗೆ ಗೊತ್ತಾಗತ್ತೆ?"

ಕೈ ಚಾಚಿಕೊಂಡು, ತಿರುಗುತ್ತಾ, ನಮಗೆ ನಾವೇ ಆಜ್ಞೆ ಕೊಟ್ಟುಕೊಳ್ಳುತ್ತಾ ಅಂಗಳವಿಡೀ ನಡೆಯುತ್ತಿದ್ದ ನಮ್ಮನ್ನು ನೋಡಿ ದಾರಿಹೋಕರು ನಿಲ್ಲುತ್ತಿದ್ದರು.

ಅಂಕಲ್ ಮಾತ್ರ ಬರಲಿಲ್ಲ. ಆಂಟಿ ಕರೆಯಲೂ ಇಲ್ಲ.

ವರಮಹಾಲಕ್ಷ್ಮಿ ಹಬ್ಬಕ್ಕೆ ಆಮೆಯಿಂದ ಕಮಲ ಬರೆಸಬೇಕೆಂದು ನಾವು ಹಟ ಹಿಡಿದೆವು. ಎಸಳಿನ ಒಂದು ಬದಿ ಬಾಗಿ ಮೇಲೆ ಹೋಗುತ್ತಿತ್ತು, ಆದರೆ ಇನ್ನೊಂದು ಬದಿ ಬಂದು ಅದನ್ನು ಕೂಡುತ್ತಿರಲಿಲ್ಲ. ಏನು ಮಾಡಿದರೂ ಹರಿದ ಎಲೆಯ ಹಾಗೆ ಬಾಯಿ ಬಿಟ್ಟುಕೊಳ್ಳುತ್ತಿತ್ತು. ಸರ್ ಆ ದಿನ ಬಂದಿರಲಿಲ್ಲ. ಆಂಟಿ ನನ್ನನ್ನು ಪಕ್ಕಕ್ಕೆ ಕರೆದು, "ಅಂಕಲ್‌ನ ಕೇಳ್ಕೊಂಡ್ ಬಾ. ನಾನ್ ಕಳ್ಸಿದೆ ಅಂತ ಹೇಳ್ಬೇಡ" ಎಂದರು.

ಅಂಕಲ್ ಕತ್ತಲು ಕೋಣೆಯಲ್ಲಿ ರೇಡಿಯೋ ಹಾಕಿಕೊಂಡು ಕೂತಿದ್ದರು. ಬಾಗಿಲಲ್ಲೇ ನಿಂತು ಎಸಳಿನ ಕಷ್ಟ ಹೇಳಿದೆ. ಅವರು ರೇಡಿಯೋ ಸದ್ದು ತಗ್ಗಿಸಿದರು.

"ಒಂದು ಬದಿ ಎಷ್ಟು ಡಿಗ್ರಿ ಬಾಗಿಸ್ತಿದೀರಾ?"

"ಅರವತ್ತು, ಅಂಕಲ್."

"ತುದೀಲಿ ಎಷ್ಟು ತಿರುಗಿಸ್ತೀರಾ?"

"ಅದೂ ಅರವತ್ತು."

"ಅಲ್ಲೇ ತಪ್ಪಿದ್ದು. ಹೋದ ದಾರೀಲಿ ವಾಪಸ್ ಬರ್ಬೇಕು ಅಂದ್ರೆ ಅರ್ಧ ಸುತ್ತು, ನೂರ ಎಂಬತ್ತು. ಬಾಗೋದ್ರಲ್ಲೇ ಅರವತ್ತು ಖರ್ಚಾಯ್ತು. ಇನ್ನೆಷ್ಟು ಉಳೀತು?"

"ನೂರ ಇಪ್ಪತ್ತು!"

ಓಡಲು ತಿರುಗಿದೆ. ಹಿಂದಿನಿಂದ ಕುರ್ಚಿ ಸರಿದ ಸದ್ದು ಕೇಳಿತು. "ನಿಲ್ಲೇ... ನಾನೂ ಬರ್ತೀನಿ."

ಕ್ಲಬ್ಬಿನ ಬಾಗಿಲಲ್ಲಿ ಅಂಕಲ್ ಚಪ್ಪಲಿ ಬಿಟ್ಟಾಗ ಆಂಟಿ ತಲೆಯೆತ್ತಿ ನೋಡಲೂ ಇಲ್ಲ, ವೈರು ಸುತ್ತುತ್ತಿದ್ದವರು ಸುತ್ತುತ್ತಲೇ ಇದ್ದರು. ಅಂಕಲ್ ಹಾಸಿದ ಹಾಳೆಯ ಪಕ್ಕ ನೆಲದ ಮೇಲೆ ಕೂತು, ನಡುಗುವ ಬಲಗೈಯನ್ನು ಎಡಗೈಯಲ್ಲಿ ಮುಚ್ಚಿಕೊಂಡು, ಒಂದೊಂದಾಗಿ ಹೇಳತೊಡಗಿದರು. ನಾನು ಟೈಪ್ ಮಾಡಿದೆ. ಆಮೆ ಗುರುಗುಟ್ಟುತ್ತಾ ಹೊರಟಿತು. ಒಂದು ಬದಿ ಬಾಗಿತು. ತುದಿಯಲ್ಲಿ ತಿರುಗಿತು. ಇನ್ನೊಂದು ಬದಿ ಬಂದು ಕೂಡಿತು. ಮೊದಲ ಎಸಳು. ಅದರ ಪಕ್ಕಕ್ಕೆ ಎರಡನೆಯದು, ಮೂರನೆಯದು... ಕಮಲ ಅರಳುತ್ತಾ ಹೋಯಿತು. ಗೆರೆ ಎಲ್ಲಿಯೂ ಅಲುಗಲಿಲ್ಲ. ಅಂಕಲ್ ಮಂಡಿಯ ಮೇಲೆ ಮುಂದಕ್ಕೆ ಬಾಗಿ, ಮೂಗು ಕಾಗದಕ್ಕೆ ತಾಗುವಷ್ಟು ಹತ್ತಿರ ಹೋಗಿ ಪೆನ್ನಿನ ತುದಿಯನ್ನೇ ನೋಡುತ್ತಿದ್ದರು. ಅವರ ಮನಸ್ಸಿನಲ್ಲಿದ್ದ ಗೆರೆ ಎಷ್ಟೋ ತಿಂಗಳ ಮೇಲೆ ಇದ್ದ ಹಾಗೇ ಹೊರಗೆ ಬಂದಿತ್ತು.

ಆಮೆ ನಿಂತಿತು. ನಾವೆಲ್ಲ ಅವರ ಮುಖ ನೋಡಿದೆವು.

"ಪೆನ್ ದಪ್ಪ ಆಯ್ತು" ಎಂದರು. "ಯಾರೇ ಈ ಪೆನ್ ಹಾಕಿದ್ದು? ಮನೇಲಿ ನನ್ನ ಡ್ರಾಯಿಂಗ್ ಪೆನ್ ಇಲ್ವಾ?"

"ಇದೆ, ತರ್ತೀನಿ ಇರಿ" ಎಂದು ಆಂಟಿ ಎದ್ದು ಹೊರಗೆ ಹೋದರು. ನಾನು ಕಿಟಕಿಯಿಂದ ನೋಡಿದೆ. ಅವರು ಮನೆಯ ಕಡೆ ಹೋಗಲಿಲ್ಲ. ನಲ್ಲಿಯ ಹತ್ತಿರ ನಿಂತು, ಮುಖಕ್ಕೆ ನೀರು ಹಾಕಿಕೊಳ್ಳುತ್ತಲೇ ಇದ್ದರು.

ಅಂದಿನಿಂದ ಅಂಕಲ್ ದಿನವೂ ಬಂದರು. ಬೈದರು, ರೇಗಿದರು, ಸಣ್ಣ ತಪ್ಪಿಗೂ ಹಾಳೆ ಬದಲಿಸಿ ಮೊದಲಿನಿಂದ ಮಾಡಿಸಿದರು. ಆ ವರ್ಷ ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಹಾಳೆಗಳನ್ನು ಅಂಟಿಸಿ ಹಾಸಿ, ನಮ್ಮ ಇಡೀ ಕಾಲೊನಿಯ ನಕ್ಷೆಯನ್ನೇ ಆಮೆಯಿಂದ ಬರೆಸಿದರು. ಒಂದೊಂದು ಬೀದಿ ಒಬ್ಬೊಬ್ಬ ಮಗುವಿನ ಪಾಲು. ದೊಡ್ಡವರು ಗೋಡೆಯುದ್ದಕ್ಕೂ ನಿಂತು ನೋಡಿದರು. ಆಮೆ ನೀರಿನ ಟ್ಯಾಂಕು ಸುತ್ತಿ, ಆಟದ ಮೈದಾನ ದಾಟಿ, ನಮ್ಮ ಬೀದಿಗೆ ಬಂದು ಒಂದು ಪುಟ್ಟ ಚೌಕ ಬರೆದಾಗ ಅಮ್ಮ ನನ್ನ ಭುಜ ಗಟ್ಟಿಯಾಗಿ ಹಿಡಿದು, "ಅಯ್ಯೋ, ಇದು ನಮ್ಮನೆ ಕಣೇ!" ಎಂದು ಪಿಸುಗುಟ್ಟಿದ್ದಳು.

ಆಮೇಲಿನದು ಎಲ್ಲರ ಬದುಕಿನ ಹಾಗೆಯೇ. ಅಪ್ಪನಿಗೆ ನಿವೃತ್ತಿಯಾಗಿ ನಾವು ರಿಚರ್ಡ್ಸ್ ಟೌನಿಗೆ ಬಂದೆವು. ಅವರಿಬ್ಬರೂ ಸ್ವಯಂನಿವೃತ್ತಿ ಪಡೆದು ಕಲ್ಯಾಣ ನಗರದ ಅಂಚಿನಲ್ಲಿ ಸಣ್ಣ ಮನೆ ಮಾಡಿಕೊಂಡರು. ಆಮೆಯೂ ಕ್ಲಬ್ಬಿನ ಹಳೆಯ ಕಂಪ್ಯೂಟರೂ ಅವರ ಜೊತೆಗೇ ಹೋದವು. ಹೊಸ ಶತಮಾನ ಬಂದು ಕೆಲವು ವರ್ಷಕ್ಕೆ ಅಂಕಲ್ ತೀರಿಕೊಂಡರು. ಕಡೆಯವರೆಗೂ ಅವರು ಆಮೆಗೆ ಗೆರೆ ಹೇಳುತ್ತಿದ್ದರಂತೆ, ಯಾರೋ ಒಂದು ಮಗು ಟೈಪ್ ಮಾಡುತ್ತಿತ್ತಂತೆ.

ಮಾತನಾಡಿಸಲು ಹೋದಾಗ ಆಂಟಿಯ ಮನೆಯ ಮುಂದಿನ ಕೋಣೆಯ ತುಂಬ ಮಕ್ಕಳಿದ್ದರು. ಪಕ್ಕದ ಶೀಟಿನ ಮನೆಗಳಲ್ಲಿ ಬಾಡಿಗೆಗಿದ್ದ, ರಾಯಚೂರು, ಯಾದಗಿರಿ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳು. "ಅಜ್ಜೀ, ಇವತ್ತ ನಂದ ಪಾಳಿ ಐತಿ!" ಎಂದು ಒಬ್ಬಳು ವೈರು ಕಿತ್ತುಕೊಳ್ಳುತ್ತಿದ್ದಳು. ಆಮೆಯ ಮೈಗೆ ಹೊಸ ಮುಚ್ಚಳ ಬಂದಿತ್ತು. ಆಂಟಿಯ ತಲೆ ಪೂರ್ತಿ ಬೆಳ್ಳಗಾಗಿತ್ತು.

ಮಕ್ಕಳು ಹೋದ ಮೇಲೆ, ಬಹಳ ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತನ್ನು ಕೇಳಿಯೇಬಿಟ್ಟೆ. "ಆಂಟಿ, ನೀವು ಇದನ್ನ ಅಂಕಲ್‌ಗೋಸ್ಕರ ತಾನೇ ಮಾಡಿದ್ದು?"

ಅವರು ವೈರು ಸುತ್ತುತ್ತಾ ನಕ್ಕರು. "ಅವ್ರಿಗೋಸ್ಕರ ಅಂತ ಮಾಡಿದ್ರೆ ಅವ್ರು ಮುಟ್ತಿದ್ರಾ? ಅದಕ್ಕೇ ನಿಮಗೋಸ್ಕರ ಮಾಡ್ದೆ." ಸುತ್ತಿದ ವೈರನ್ನು ಆಮೆಯ ಮೇಲಿಟ್ಟು, "ಆಮೇಲೆ ನಿಜವಾಗ್ಲೂ ನಿಮಗೋಸ್ಕರಾನೇ ಆಗೋಯ್ತು ಬಿಡು" ಎಂದರು.

ಅದೇ ಕೊನೆಯ ಭೇಟಿ. ಮದುವೆ, ಮಗಳು, ಊರೂರಿಗೆ ವರ್ಗಾವಣೆ... ಆಂಟಿ ಹೋದ ಸುದ್ದಿ ನನಗೆ ತಲುಪಿದ್ದು ಅವರು ಹೋಗಿ ಎಷ್ಟೋ ಕಾಲವಾದ ಮೇಲೆ.

ಹೋದ ತಿಂಗಳ ಆ ದಿನ, ರಿಪೇರಿಯಾದ ಫೋನ್ ತೆಗೆದುಕೊಂಡವಳು ಆಟೋ ಹಿಡಿದು ಕಲ್ಯಾಣ ನಗರಕ್ಕೆ ಹೋದೆ. ಶೀಟಿನ ಮನೆಗಳಿರಲಿಲ್ಲ, ಆ ಸಣ್ಣ ಮನೆಯೂ ಇರಲಿಲ್ಲ. ಅಲ್ಲೊಂದು ಅಪಾರ್ಟ್‌ಮೆಂಟ್ ಎದ್ದಿತ್ತು. ಆಮೆ ಯಾವ ಮಗುವಿನ ಜೊತೆ ಯಾವ ಊರಿಗೆ ಹೋಯಿತೋ, ಯಾವ ಗುಜರಿಗೆ ಬಿತ್ತೋ, ಕೇಳಲು ಒಬ್ಬರೂ ಉಳಿದಿರಲಿಲ್ಲ. ಗೇಟಿನ ಮುಂದೆ ಬಹಳ ಹೊತ್ತು ನಿಂತದ್ದಕ್ಕೆ ವಾಚ್‌ಮನ್ ಎದ್ದು ಬಂದರು.

"ಯಾರ ಬೇಕಾಗಿತ್ರೀ ಅಕ್ಕಾರ?"

"ಇಲ್ಲೊಬ್ರು ಆಂಟಿ ಇದ್ರು" ಎಂದೆ.

ಅವರು ಮೇಲಿನ ಮಹಡಿಗಳನ್ನೊಮ್ಮೆ ನೋಡಿ, "ಯಾವ ಫ್ಲ್ಯಾಟ್ ರೀ?" ಎಂದರು.